ಹೊಸಿಲ ಹತ್ತಿರ ಅನಂತಯ್ಯ ಏನು ಮಾಡುತ್ತಿದ್ದ?

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿ ಸೀದ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಏನು ನೆನಪಾಗುತ್ತದೋ ಕಾಣೆ. ನನಗೆ ಮಾತ್ರ ಒಂದು ಕೋಣೆ ತುಂಬ ಜನ ಗೊಳ್ಳೆಂದು ನಕ್ಕ ಸದ್ದು ಕೇಳಿಸುತ್ತದೆ. ಅದರ ಹಿಂದೆಯೇ ಸಿಟ್ಟು ಬರುತ್ತದೆ. ನಲವತ್ತು ವರ್ಷದಷ್ಟು ಹಳೆಯ ಸಿಟ್ಟು. ಆರುವುದಾಗಿದ್ದರೆ ಎಂದೋ ಆರಬೇಕಿತ್ತು, ಆರಿಲ್ಲ.

ಹೋದ ಭಾನುವಾರ ಬೆಳಿಗ್ಗೆಯೂ ಹಾಲು ಉಕ್ಕಿ ಹೀಗೇ ಆಯಿತು. ಫ್ಲಾಸ್ಕಿಗೆ ಕಾಫಿ ತುಂಬಿಸಿ, ಚೀಲಕ್ಕೆ ಲೋಟಗಳನ್ನು ಹಾಕಿಕೊಂಡು ಸಹಕಾರನಗರದ ಪಾರ್ಕಿಗೆ ಹೊರಟಿದ್ದೆ. ಅಲ್ಲಿ ನಮ್ಮದೊಂದು ಗುಂಪು ಸೇರುತ್ತದೆ. ಹೆಚ್ಚಿನವರು ನಮ್ಮ ಹಳೆಯ ಬೀದಿಯವರೇ, ಒಬ್ಬೊಬ್ಬರಾಗಿ ಈ ಕಡೆ ಬಂದು ನೆಲೆಸಿದವರು. ಮೊದಲು ಅದು ಬರೀ ವಾಕಿಂಗ್ ಗುಂಪಾಗಿತ್ತು. ಒಂದು ದಿನ ಯಾರೋ ಎದ್ದು ಹೊರಡುವಾಗ ತಮಾಷೆಗೆ "ಹಾಗಾದ್ರೆ ನಾನು ಬರ್ಲಾ?" ಎಂದು ರಾಗ ಎಳೆದರು. ಬೆಂಚಿನ ಮೇಲಿದ್ದವರೆಲ್ಲ ಒಟ್ಟಿಗೆ ಕೂಗಿದರು: "ಅನಂತಯ್ಯ!" ಅವತ್ತಿಗೆ ವಾಕಿಂಗ್ ನಿಂತುಹೋಯಿತು, ಅನಂತಯ್ಯ ಶುರುವಾದ.

"ಎದುರು ಮನೆ ಅನಂತಯ್ಯ" ಎಂಬತ್ತರ ದಶಕದ ನಡುವೆ, ಟಿ.ವಿ. ಎಂದರೆ ಒಂದೇ ಚಾನೆಲ್ ಆಗಿದ್ದಾಗ, ವಾರಕ್ಕೊಮ್ಮೆ ಸಂಜೆ ಬರುತ್ತಿದ್ದ ಕನ್ನಡದ ನಗೆ ಧಾರಾವಾಹಿ. ಒಂದು ಮಳೆಗಾಲದಲ್ಲಿ ಶುರುವಾಗಿ ಆ ಮಳೆಗಾಲ ಮುಗಿಯುವಷ್ಟರಲ್ಲಿ ಮುಗಿದೇಹೋಯಿತು. ಅನಂತಯ್ಯ ಎಂಬ ಒಂಟಿ ಮನುಷ್ಯ ಪ್ರತಿ ವಾರ ಎದುರು ಮನೆಗೆ ಏನಾದರೂ ಕೇಳಿಕೊಂಡು ಬರುತ್ತಾನೆ. ಒಂದು ವಾರ ಸಕ್ಕರೆ, ಒಂದು ವಾರ ಏಣಿ, ಒಂದು ವಾರ ಅವತ್ತಿನ ಪೇಪರು. ಆ ಮನೆಯ ಗಂಡ ಹೆಂಡತಿ ಕೊಡಬಾರದೆಂದು ನಾನಾ ನೆಪ ಹೂಡುತ್ತಾರೆ. ಅವನು ಕೂತು ಕಾಫಿ ಕುಡಿದು, ಅವರ ಸಂಸಾರದ ವಿಚಾರಕ್ಕೆಲ್ಲ ತಲೆ ಹಾಕಿ, ಕೇಳಿದ್ದನ್ನೂ ಕೇಳದ್ದನ್ನೂ ಎತ್ತಿಕೊಂಡು "ಹಾಗಾದ್ರೆ ನಾನು ಬರ್ಲಾ?" ಎನ್ನುತ್ತಾನೆ. ಹೊಸಿಲ ಹತ್ತಿರ ಹೋಗಿ ನಿಲ್ಲುತ್ತಾನೆ. ಅಲ್ಲಿ ಏನೋ ಒಂದು ಮಾಡುತ್ತಾನೆ. ಮಾತಿಲ್ಲ, ಸಂಗೀತವಿಲ್ಲ. ನೋಡುವವರು ಬಿದ್ದು ಬಿದ್ದು ನಗುತ್ತಾರೆ.

ಏನು ಮಾಡುತ್ತಾನೆ? ಅದೇ ನನಗೆ ಗೊತ್ತಿಲ್ಲ. ಆ ಧಾರಾವಾಹಿಯನ್ನು ಬೀದಿಯ ಜನವೆಲ್ಲ ನೋಡಿದ್ದು ನಮ್ಮ ಮನೆಯಲ್ಲಿ, ನಮ್ಮ ಟಿ.ವಿ.ಯಲ್ಲಿ. ನೋಡದೇ ಉಳಿದವಳು ನಾನೊಬ್ಬಳೇ.

ನಾನು ಮದುವೆಯಾಗಿ ದೊಡ್ಡಬಳ್ಳಾಪುರದಿಂದ ಆರ್.ಟಿ. ನಗರಕ್ಕೆ ಬಂದದ್ದು ಅದರ ಹಿಂದಿನ ವರ್ಷ. ಆಗ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮಳೆ ಬಂದರೆ ರಸ್ತೆ ಯಾವುದು, ಸೈಟು ಯಾವುದು ತಿಳಿಯುತ್ತಿರಲಿಲ್ಲ. ಬಸ್ಸಿನಿಂದ ಇಳಿದವರು ಚಪ್ಪಲಿ ಕೈಯಲ್ಲಿ ಹಿಡಿದು ಮನೆ ಸೇರುತ್ತಿದ್ದರು. ಸಂಜೆಯಾದರೆ ಹೆಬ್ಬಾಳದ ಕೆರೆ ಕಡೆಯಿಂದ ತಣ್ಣನೆಯ ಗಾಳಿ, ಕಪ್ಪೆಗಳ ಗದ್ದಲ. ನಮ್ಮ ಯಜಮಾನರು ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ಮನೆಯಲ್ಲಿ ಅವರು, ನಾನು, ಅತ್ತೆ, ಮೂವರೇ. ಧಾರಾವಾಹಿ ಬಂದ ವರ್ಷದ ಬೇಸಿಗೆಯಲ್ಲಿ ಮನೆಗೆ ಟಿ.ವಿ. ಬಂತು. ಮರದ ಪೆಟ್ಟಿಗೆ, ಅದಕ್ಕೆ ಎಳೆದು ತೆರೆಯುವ ಬಾಗಿಲು, ಕೆಳಗೆ ನಾಲ್ಕು ಕಾಲು. ಕಪ್ಪು ಬಿಳುಪಿನದು. ಅತ್ತೆ ಅದಕ್ಕೆ ಕಸೂತಿ ಬಟ್ಟೆ ಹೊದಿಸಿ ಶುಕ್ರವಾರ ಕುಂಕುಮವನ್ನೂ ಇಟ್ಟರು.

ನಮ್ಮ ಅತ್ತೆ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು, ಒಂದು ಜಗಳವಾದರೂ ಆಡಬಹುದಿತ್ತು. ಅವರದು ಧಾರಾಳ ಕೈ. ಮನೆಗೆ ಬಂದವರು ಯಾರೇ ಆಗಲಿ, ಬರೀ ಬಾಯಲ್ಲಿ ಹೊರಗೆ ಹೋಗಬಾರದು. ಟಿ.ವಿ. ನೋಡಲು ಬಂದವರೂ ಮನೆಗೆ ಬಂದವರೇ ಎಂದು ಮೊದಲ ವಾರವೇ ತೀರ್ಮಾನ ಮಾಡಿದರು. ಕಾರ್ಯಕ್ರಮದ ನಡುವೆ ಕೊಟ್ಟರೆ ಯಾರಿಗೂ ಕುಡಿದದ್ದೇ ಗೊತ್ತಾಗುವುದಿಲ್ಲ. ಮುಗಿದ ಮೇಲೆ ಮಾಡಲು ಹೋದರೆ "ಬೇಡಮ್ಮ, ಹೊತ್ತಾಯ್ತು" ಎಂದು ಎದ್ದುಬಿಡುತ್ತಾರೆ. ಆದ್ದರಿಂದ ಕೊನೆಯ ಸಂಗೀತ ಶುರುವಾಗುವಾಗ ಬಿಸಿ ಕಾಫಿ ಎಲ್ಲರ ಕೈಗೆ ಬರಬೇಕು. ಮೊದಲೇ ಮಾಡಿಟ್ಟು ಮತ್ತೆ ಕಾಯಿಸಿ ಕೊಡುವುದು ಅವರ ಪ್ರಕಾರ ಬಂದವರಿಗೆ ಮಾಡುವ ಅವಮಾನ. ಸಂಗೀತ ಬರುವಾಗ ಕಾಫಿ ಬಿಸಿಬಿಸಿಯಾಗಿ ಲೋಟದಲ್ಲಿರಬೇಕಾದರೆ ಅನಂತಯ್ಯ ಹೊಸಿಲ ಹತ್ತಿರ ನಿಲ್ಲುವ ಹೊತ್ತಿಗೆ ಹಾಲು ಉಕ್ಕಲು ಬಂದಿರಬೇಕು. ಹಾಲು ಉಕ್ಕಲು ಬಂದಾಗ ಒಬ್ಬರು ಒಲೆಯ ಮುಂದೆ ನಿಂತಿರಲೇಬೇಕು. ಆ ಒಬ್ಬರು ಯಾರು ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಧಾರಾವಾಹಿಯ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೇ ಜನ ಬರಲು ಶುರು. ಪಕ್ಕದ ಮನೆಯ ರಜಿಯಾ ಬರುತ್ತಿದ್ದಳು. ಅವಳೂ ನನ್ನ ಹಾಗೇ ಹೊಸದಾಗಿ ಸಂಸಾರ ಹೂಡಿದವಳು, ಅವಳ ಗಂಡನಿಗೆ ಹಾಸಿಗೆ ಅಂಗಡಿ. ಎದುರು ಸಾಲಿನ ನಾಗರಾಜ ಬರುತ್ತಿದ್ದ. ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದ ಅವನಿಗೆ ಬೀದಿಯ ಎಲ್ಲ ವಿಷಯದಲ್ಲೂ ಅಭಿಪ್ರಾಯವಿತ್ತು. ಇನ್ನುಳಿದವರ ಹೆಸರು ಹೇಳುತ್ತಾ ಹೋದರೆ ಇದು ಮುಗಿಯುವುದಿಲ್ಲ. ಚಾಪೆ ತುಂಬಿ, ಬೆಂಚು ತುಂಬಿ, ಅಡಿಗೆಮನೆಯ ಬಾಗಿಲಿನಲ್ಲೂ ಜನ ನಿಂತುಬಿಡುತ್ತಿದ್ದರು. ಯಲಹಂಕದ ಕಡೆಯಿಂದ ತರಬೇತಿ ವಿಮಾನವೊಂದು ಹಾದುಹೋದರೆ ಚಿತ್ರ ನಡುಗುತ್ತಿತ್ತು. "ಹೋಯ್ತು ಹೋಯ್ತು!" ಎಂದು ಅರಚುತ್ತಿದ್ದರು. ವಿಮಾನ ದೂರವಾದ ಮೇಲೆ "ಬಂತು ಬಂತು!" ಎನ್ನುತ್ತಿದ್ದರು. ನನಗೆ ಎರಡೂ ಒಂದೇ.

ಹಾಲ್‌ಗೂ ಅಡಿಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯ ಈ ಕಡೆ ನಿಂತು ನನ್ನ ಕಿವಿ ಪಳಗಿಹೋಯಿತು. ಅನಂತಯ್ಯನ ಒಂದು ಚಪ್ಪಲಿಯ ಬಾರು ಸಡಿಲ. ಅದು ನೆಲಕ್ಕೆ ಎರಡು ಸಲ ಬಡಿಯುತ್ತಿತ್ತು. ಎದುರು ಮನೆಯ ಯಜಮಾನ ಸುಳ್ಳು ಹೇಳುವ ಮೊದಲು ಕುರ್ಚಿಯಲ್ಲಿ ಜರುಗಿ ಕೂರುತ್ತಿದ್ದ, ಕುರ್ಚಿ ಕಿರ್ರೆನ್ನುತ್ತಿತ್ತು. ಹೆಂಡತಿ ಏನನ್ನಾದರೂ ಬಚ್ಚಿಡುವಾಗ ಬಳೆಗಳನ್ನು ಮೇಲಕ್ಕೆ ಸರಿಸಿಕೊಳ್ಳುತ್ತಿದ್ದಳು. ಹಾಲ್‌ನಲ್ಲಿದ್ದವರು ನಗುವ ಮೊದಲೇ, ಸಕ್ಕರೆ ಡಬ್ಬಿ ಕಪಾಟಿನ ಹಿಂದೆ ಹೋಯಿತು ಎಂದು ನನಗೆ ಇಲ್ಲಿ ಗೊತ್ತಾಗುತ್ತಿತ್ತು. ಎಲ್ಲ ಗೊತ್ತಾಗುತ್ತಿತ್ತು, ಆ ಹೊಸಿಲ ಬಳಿಯದೊಂದನ್ನು ಬಿಟ್ಟು. ಅಲ್ಲಿ ಸದ್ದೇ ಇಲ್ಲ. ಚಪ್ಪಲಿ ನಿಲ್ಲುತ್ತಿತ್ತು, ಒಂದು ಗಳಿಗೆ ಎಲ್ಲ ಸ್ತಬ್ಧ, ಆಮೇಲೆ ಮನೆ ಹಾರಿಹೋಗುವಂತೆ ನಗು. ಸಂಗೀತ. "ವನಜಾ, ಕಾಫಿ!"

ಒಂದು ಬೆಳಿಗ್ಗೆ ಇವರು ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತಿದ್ದಾಗ ಕೇಳಿದೆ.

"ರೀ, ಅವನು ಕೊನೇಲಿ ಏನ್ ಮಾಡ್ತಾನೆ?"

"ಯಾರು?"

"ಅನಂತಯ್ಯ. ಹೊಸಿಲ ಹತ್ರ."

ಇವರಿಗೆ ಆಗಲೇ ನಗು ಬಂತು. "ಅದಾ? ನಿಂತ್ಕೊಂಡು ಹಿಂಗೆ ತಿರುಗಿ ನೋಡ್ತಾನೆ."

"ನೋಡಿ?"

"ನೋಡಿ ಏನಿಲ್ಲ ಕಣೆ, ನೋಡ್ತಾನೆ ಅಷ್ಟೇ. ಆದ್ರೆ ಆ ನೋಡೋ ರೀತಿ ಇದ್ಯಲ್ಲ..." ಎನ್ನುತ್ತಾ ಕನ್ನಡಿಯ ಮೇಲೆಲ್ಲ ಸೋಪಿನ ನೊರೆ ಹಾರಿಸಿ ನಕ್ಕರು. ಕನ್ನಡಿ ಒರೆಸಿದವಳು ನಾನು.

ನಾಗರಾಜನನ್ನು ಕೇಳಿದೆ. "ಅಯ್ಯೋ ಅಕ್ಕಾ, ಅದನ್ನ ಬಾಯಲ್ಲಿ ಹೇಳಕ್ಕಾಗಲ್ಲ. ನೋಡಿದ್ರೇನೇ ಮಜಾ. ಕೈಯಲ್ಲಿ ಒಂಥರಾ ಮಾಡ್ತಾನೆ ಗೊತ್ತಾ" ಎಂದ. ಇವರು ಕಣ್ಣು ಎಂದಿದ್ದರು, ಅವನು ಕೈ ಎಂದ. ಅತ್ತೆಯನ್ನು ಕೇಳಿದರೆ "ಅದೇನು ಮಹಾ ವನಜಾ, ಸ್ವಲ್ಪ ತಡೆದು ನಿಲ್ತಾನೆ, ಅಷ್ಟೇಯ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ರಜಿಯಾ ಮಾತ್ರ ನನಗೋಸ್ಕರ ನಟಿಸಿ ತೋರಿಸಲು ನೋಡಿದಳು. ಸೆರಗನ್ನು ಟವೆಲಿನ ಹಾಗೆ ಹೆಗಲಿಗೆ ಹಾಕಿಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತಳು, ತಿರುಗಿದಳು, ಒಂದು ಹುಬ್ಬು ಎತ್ತಿದಳು, ಅಲ್ಲಿಗೆ ಅವಳಿಗೇ ನಗು ತಡೆಯಲಾರದೆ ಕುಸಿದು ಕೂತಳು.

"ನಂಗೆ ಬರಲ್ಲ ಬಿಡೇ. ಅವನ ಮುಖಾನೇ ಬೇರೆ, ನನ್ ಮುಖಾನೇ ಬೇರೆ, ಕ್ಯಾ ಕರೂಂ?"

ಒಂದು ವಾರ ತಡೆಯಲಾಗಲಿಲ್ಲ. "ಹಾಗಾದ್ರೆ ನಾನು..." ಎಂದು ಕೇಳಿಸಿದ್ದೇ ತಡ, ಹಾಲು ಅಲ್ಲೇ ಬಿಟ್ಟು ಓಡಿದೆ. ಬಾಗಿಲಿನಲ್ಲಿ ಬರೀ ಬೆನ್ನುಗಳು. ಮಳೆಯಲ್ಲಿ ನೆನೆದು ಬಂದ ಶರ್ಟುಗಳು. ತುದಿಗಾಲಲ್ಲಿ ನಿಂತೆ, ಯಾರದೋ ಕಂಕುಳ ಕೆಳಗೆ ಬಗ್ಗಿದೆ. ಟಿ.ವಿ.ಯ ಒಂದು ಮೂಲೆ ಕಂಡಿತು, ಅದರಲ್ಲಿ ಒಂದು ಕಿಟಕಿ. ಅಷ್ಟರಲ್ಲಿ ನಗು ಸಿಡಿಯಿತು, ಹಿಂದಿನಿಂದ ಸೀದ ವಾಸನೆ ಬಂತು. ಅರ್ಧಕ್ಕರ್ಧ ಹಾಲು ಒಲೆಯ ಪಾಲು. ಅತ್ತೆ ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಇದ್ದುದರಲ್ಲೇ ನೀರು ಬೆರೆಸದೆ ಬಂದವರಿಗೆ ಕೊಟ್ಟು, ತಮ್ಮ ಲೋಟವನ್ನು ನಾಗರಾಜನಿಗೆ ಕೊಟ್ಟು, "ನಂಗ್ಯಾಕೋ ಇವತ್ತು ಕಾಫಿ ಬೇಡ" ಎಂದುಬಿಟ್ಟರು. ನನ್ನ ಮೈಯೆಲ್ಲ ಉರಿಯಿತು. ಮತ್ತೆ ಓಡುವ ಮನಸ್ಸಾಗಲಿಲ್ಲ.

ಹೀಗೇ ಜಡಿಮಳೆ ಕಳೆಯಿತು. ಗೌರಿ ಗಣೇಶ ಹಬ್ಬ ಬಂದು ಹೋಯಿತು. ಬೀದಿಯಲ್ಲಿ ಹೊಸದಾಗಿ ಮನೆ ಕಟ್ಟುವವರ ಮರಳಿನ ರಾಶಿ ಮಳೆಗೆ ಕೊಚ್ಚಿ ನಮ್ಮ ಗೇಟಿನವರೆಗೂ ಬಂತು. ಇವರಿಗೆ ಕಾರ್ಖಾನೆಯಲ್ಲಿ ಪಾಳಿ ಬದಲಾಯಿತು, ಆದರೆ ಧಾರಾವಾಹಿಯ ದಿನ ಯಾರ ಜೊತೆಯೋ ಅದಲು ಬದಲು ಮಾಡಿಕೊಂಡು ಬಂದೇ ಬರುತ್ತಿದ್ದರು. ನನ್ನ ಪಾಳಿ ಬದಲಾಗಲಿಲ್ಲ. ಬೀದಿಯಲ್ಲಿ ಮಾತೆಂದರೆ ಅನಂತಯ್ಯನದೇ. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿ ಹೊರಟವರೂ "ಹಾಗಾದ್ರೆ ನಾನು ಬರ್ಲಾ?" ಎಂದು ಗೇಟಿನ ಹತ್ತಿರ ನಿಂತು ಏನೋ ಮಾಡುತ್ತಿದ್ದರು. ಒಬ್ಬೊಬ್ಬರು ಒಂದೊಂದು ಥರ ಮಾಡುತ್ತಿದ್ದರು. ಯಾರೂ ಸರಿಯಾಗಿ ಮಾಡುತ್ತಿಲ್ಲ ಎಂದು ಉಳಿದವರು ನಗುತ್ತಿದ್ದರು.

ಮುಂದಿನ ವಾರವೇ ಕೊನೆಯ ಕಂತು ಎಂದು ಟಿ.ವಿ.ಯಲ್ಲಿ ಹೇಳಿದರು. ಹಾಲ್‌ನಲ್ಲಿ "ಅಯ್ಯೋ" ಎಂಬ ಉದ್ಗಾರ ಎದ್ದಿತು. ನಾನು ಲೋಟ ಹಂಚುತ್ತಾ ನಿಂತಲ್ಲೇ ನಿಂತೆ. ಇನ್ನೊಂದೇ ಅವಕಾಶ. ಅವತ್ತು ನೋಡದಿದ್ದರೆ ಇನ್ನು ಈ ಜನ್ಮದಲ್ಲಿ ಇಲ್ಲ ಎನಿಸಿತು. ಈಗಿನವರಿಗೆ ಇದು ಹುಚ್ಚಾಟವಾಗಿ ಕಾಣಬಹುದು. ಆಗ ಬಿಟ್ಟರೆ ಬಿಟ್ಟಂತೆಯೇ, ಹಿಂದಕ್ಕೆ ಓಡಿಸಿ ನೋಡುವ ಸೌಕರ್ಯ ಯಾರಿಗೂ ಇರಲಿಲ್ಲ.

ಮರುದಿನ ಅಕ್ಕಿ ಆರಿಸುವಾಗ ಧೈರ್ಯ ಮಾಡಿದೆ.

"ಅತ್ತೆ, ಬರೋ ವಾರ ನಾನೂ ನೋಡ್ಬೇಕು."

"ನೋಡು. ಬೇಡ ಅಂದೋರು ಯಾರು?"

"ಕಾಫಿ?"

ಅತ್ತೆಯ ಕೈ ನಿಂತಿತು. ಈ ಪ್ರಶ್ನೆ ಅವರಿಗೆ ಅಲ್ಲಿಯವರೆಗೂ ಹೊಳೆದೇ ಇರಲಿಲ್ಲ, ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಕಾಫಿ ಮಾಡುವುದೆಂದರೆ ಅವರಿಗೆ ನಲ್ಲಿಯಲ್ಲಿ ನೀರು ಬಂದ ಹಾಗೆ. "ಕೊನೇ ದಿನ ಬಂದೋರ್ನ ಹಾಗೇ ಕಳ್ಸೋದು ಚೆನ್ನಾಗಿರುತ್ತಾ?" ಎಂದರು. ಆಮೇಲೆ ಒಂದೆರಡು ದಿನ ಇಬ್ಬರೂ ಮುಖ ಊದಿಸಿಕೊಂಡು ಓಡಾಡಿದೆವು. ಇವರು ಇಬ್ಬರ ನಡುವೆ ತಲೆ ತಗ್ಗಿಸಿಕೊಂಡು ಊಟ ಮಾಡಿ ಕಾರ್ಖಾನೆಗೆ ಹೋಗುತ್ತಿದ್ದರು. "ನಾನು ಮಾಡ್ಲಾ?" ಎಂದು ಮಾತ್ರ ಕೇಳಲಿಲ್ಲ. ಬಿಕ್ಕಟ್ಟು ಬಿಡಿಸಿದವಳು ರಜಿಯಾ. ನೇರ ಅತ್ತೆಯ ಹತ್ತಿರವೇ ಹೋಗಿ ಹೇಳಿದಳು.

"ಅಮ್ಮಾ, ಅವತ್ತು ಹಾಲಿನ ಮುಂದೆ ನಾನ್ ನಿಂತ್ಕೋತೀನಿ. ವನಜಾ ನೋಡ್ಲಿ. ನಾನ್ ಎಲ್ಲಾ ವಾರಾನೂ ನೋಡಿದೀನಲ್ಲಾ."

ಅತ್ತೆ ಒಪ್ಪಲು ಹಿಂದೆಮುಂದೆ ನೋಡಿದರು. ಅವಳು ಬಂದ ಅತಿಥಿ, ಅವಳ ಕೈಯಲ್ಲಿ ಕೆಲಸ ಮಾಡಿಸುವುದೇ ಎಂಬುದು ಒಂದು. ಇನ್ನೊಂದು ಕಾರಣವೂ ಇದ್ದಿರಬಹುದು. ನಮ್ಮ ಒಲೆಯ ಮುಂದೆ ರಜಿಯಾ ನಿಂತರೆ ಬೀದಿಯ ಒಂದಿಬ್ಬರು ಏನೆನ್ನುತ್ತಾರೋ ಎಂಬ ಅಳುಕು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ "ಆಗ್ಲಿ ಬಿಡು. ಡಿಕಾಕ್ಷನ್ ನಾನೇ ಹಾಕಿಡ್ತೀನಿ" ಎಂದರು. ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

ಕೊನೆಯ ಕಂತಿನ ಸಂಜೆ ಮಳೆ ಹಿಡಿದುಕೊಂಡು ಸುರಿಯುತ್ತಿತ್ತು. ನಾನು ಮುಖ ತೊಳೆದು, ಹಬ್ಬಕ್ಕೆ ತಂದಿದ್ದ ಸೀರೆ ಉಟ್ಟು ಹಾಲ್‌ಗೆ ಬಂದೆ. "ಅಕ್ಕ ಬಂದ್ರು, ಅಕ್ಕಂಗೆ ಮುಂದೆ ಜಾಗ ಬಿಡ್ರೋ" ಎಂದು ನಾಗರಾಜ ಎಲ್ಲರನ್ನೂ ಸರಿಸಿದ. ಅತ್ತೆಯ ಪಕ್ಕದಲ್ಲಿ, ಟಿ.ವಿ.ಗೆ ಎದುರಾಗಿ, ಚಾಪೆಯ ಮೊದಲ ಸಾಲಿನಲ್ಲಿ ಕೂತೆ. ಹೆಸರು ಬಂತು. ಸಂಗೀತ ಬಂತು. ಎದುರು ಮನೆಯ ಮೆಟ್ಟಿಲು ಕಂಡಿತು. ಆ ಚಪ್ಪಲಿ, ಆ ಸಡಿಲ ಬಾರು, ಆಹಾ, ನಾನು ಕೇಳಿದ್ದ ಹಾಗೇ ಇತ್ತು. ಅನಂತಯ್ಯ ಬೆನ್ನು ಹಾಕಿ ಮೆಟ್ಟಿಲು ಹತ್ತುತ್ತಿದ್ದ. ಇನ್ನೇನು ಮುಖ ಈ ಕಡೆ ತಿರುಗಬೇಕು. ಚಿತ್ರ ಉಬ್ಬಿದಂತಾಯಿತು, ಮಸುಕಾಯಿತು, ಕಪ್ಪಾಯಿತು.

ಇವರು ಹಾರಿ ಬಂದು ಪೆಟ್ಟಿಗೆಯ ಬಲ ಪಕ್ಕಕ್ಕೆ ಬಡಿದರು. ಎಡ ಪಕ್ಕಕ್ಕೆ ಬಡಿದರು. ಇದ್ದಬದ್ದ ತಿರುಪುಗಳನ್ನೆಲ್ಲ ತಿರುಗಿಸಿದರು. ನಾಗರಾಜ ಆ ಮಳೆಯಲ್ಲೇ ಮಹಡಿ ಹತ್ತಿ ಆಂಟೆನಾ ಅಲುಗಿಸಿದ. "ಬಂತಾ?" ಎಂದು ಮೇಲಿನಿಂದ ಕೂಗು, "ಇಲ್ಲ!" ಎಂದು ಕೆಳಗಿನಿಂದ ಕೂಗು. ಧ್ವನಿ ಮಾತ್ರ ಸ್ವಚ್ಛವಾಗಿ ಬರುತ್ತಿತ್ತು. ಎರಡು ಅಡ್ಡರಸ್ತೆಯ ಆಚೆ ಇನ್ನೊಂದು ಮನೆಯಲ್ಲಿ ಟಿ.ವಿ. ಇತ್ತು. ಆ ಕೆಸರಿನಲ್ಲಿ ಅಲ್ಲಿಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ನಾನು ಕೂತಲ್ಲೇ ಕೂತಿದ್ದೆ. ಇಡೀ ಮಳೆಗಾಲ ಸರಿಯಿದ್ದ ಟಿ.ವಿ.ಗೆ ನಾನು ಮುಂದೆ ಬಂದು ಕೂತ ದಿನವೇ ಕೆಡಬೇಕಿತ್ತೇ?

"ಏನೂ ಗೊತ್ತಾಗ್ತಿಲ್ಲ, ಛೇ. ಏನ್ ನಡೀತಿದೆ ಅಲ್ಲಿ?" ಎಂದು ಯಾರೋ ಗೊಣಗಿದರು.

"ಏಣಿ ವಾಪಸ್ ತಂದಿದಾನೆ" ಎಂದೆ, ಯೋಚಿಸದೆಯೇ.

"ನಿಂಗೆ ಹೆಂಗೆ ಗೊತ್ತು?" ಎಂದರು ಇವರು.

"ಗೋಡೆಗೆ ಒರಗಿಸಿದ್ದು ಕೇಳಿಸ್ಲಿಲ್ವಾ? ಈಗ ಅವಳು ಸಕ್ಕರೆ ಡಬ್ಬಿ ಬಚ್ಚಿಡ್ತಿದಾಳೆ. ಬಳೆ ಸರಿಸ್ಕೊಂಡ್ಳು ನೋಡಿ. ಇಲ್ಲ ಇಲ್ಲ, ಬಚ್ಚಿಡ್ತಿಲ್ಲ. ತೆಗೆದು ಹೊರಗಿಟ್ಳು."

ಒದ್ದೆಯಾಗಿ ಇಳಿದು ಬಂದ ನಾಗರಾಜನನ್ನೂ ಸುಮ್ಮನಿರಿಸಿದರು. ನಾನು ಹೇಳುತ್ತಾ ಹೋದೆ. ಯಜಮಾನ ಕುರ್ಚಿಯಿಂದ ಎದ್ದ. ಅನಂತಯ್ಯ ಊರು ಬಿಟ್ಟು ಹೋಗುವ ಸುದ್ದಿ ಹೇಳುವಾಗ ಟವೆಲ್ ಕೊಡವಿದ. ಎಲ್ಲರೂ ಕಪ್ಪಗಾದ ಟಿ.ವಿ. ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಸುಳ್ಳೇಕೆ ಹೇಳಲಿ, ಆ ಅರ್ಧ ಗಂಟೆ ನನಗೆ ಹೆಮ್ಮೆಯಾಯಿತು.

"ಹಾಗಾದ್ರೆ ನಾನು ಬರ್ಲಾ?" ಎಂದ ಅನಂತಯ್ಯ. ಚಪ್ಪಲಿ ಹೊಸಿಲವರೆಗೂ ಹೋಯಿತು. ನಿಂತಿತು. ನಿಶ್ಶಬ್ದ. ಈ ಸಲ ಎಂದಿಗಿಂತ ದೀರ್ಘವಾದ ನಿಶ್ಶಬ್ದ. ಅದರ ಕೊನೆಗೆ ಲೋಹದ್ದೇನೋ ಒಂದು ಸಣ್ಣಗೆ "ಟಣ್" ಎಂದಿತು. ಆಮೇಲೆ ಚಪ್ಪಲಿ ದೂರವಾಯಿತು, ಸಂಗೀತ ಶುರುವಾಯಿತು.

"ಏನ್ ಮಾಡ್ದ?" ಎಂದ ನಾಗರಾಜ. "ಅಕ್ಕಾ, ಏನ್ ಮಾಡ್ದ?"

ಮಳೆಗಾಲವೆಲ್ಲ ನಾನು ಕೇಳಿಕೊಂಡು ತಿರುಗಿದ ಪ್ರಶ್ನೆಯನ್ನು ಈಗ ಅವರು ನನ್ನನ್ನು ಕೇಳುತ್ತಿದ್ದರು! ಆ ಸದ್ದು ಬಾಗಿಲ ಚಿಲಕದ್ದಿರಬಹುದು, ಕೊಡೆಯ ಹಿಡಿಕೆಯದಿರಬಹುದು, ಯಾವುದಾದರೂ ಇರಬಹುದು. ನನಗೆ ಆ ಹೊತ್ತಿಗೆ ಒಂದೇ ಒಂದು ಹೊಳೆಯಿತು.

"ತಿರುಗಿ ಒಳಗೆ ಬಂದ. ತಾನು ಕಾಫಿ ಕುಡಿದ ಲೋಟ ತಾನೇ ಎತ್ಕೊಂಡ. ನಲ್ಲಿ ಹತ್ರ ಹೋಗಿ ತೊಳೆದ. ಬೋರಲು ಹಾಕಿಟ್ಟ. ಯಾರ ಮುಖಾನೂ ನೋಡ್ಲಿಲ್ಲ. ಹೋದ."

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾಗರಾಜ ತಲೆಯ ನೀರು ತೊಟ್ಟಿಕ್ಕಿಸುತ್ತಾ "ಎಂಥಾ ಮನುಷ್ಯ ಗುರು!" ಎಂದ. ಅಷ್ಟರಲ್ಲಿ ರಜಿಯಾ ಕಾಫಿಯ ತಟ್ಟೆ ಹಿಡಿದು ಬಂದಳು. ಬೇಡ ಎಂದವರು ಯಾರೂ ಇಲ್ಲ. ಎಲ್ಲರೂ ಕಾಫಿ ಹೀರುತ್ತಾ ಅನಂತಯ್ಯನ ದೊಡ್ಡಗುಣದ ಬಗ್ಗೆ, ಕೊನೆಗಳಿಗೆಯಲ್ಲಿ ಅವನು ಆ ಮನೆಯ ಹೆಂಗಸಿಗೆ ತೋರಿಸಿದ ಗೌರವದ ಬಗ್ಗೆ ಬಹಳ ಮಾತಾಡಿದರು. ಮಾತಾಡಿ, ಲೋಟಗಳನ್ನು ಚಾಪೆಯ ಮೇಲೆ, ಬೆಂಚಿನ ಕೆಳಗೆ, ಟಿ.ವಿ. ಪೆಟ್ಟಿಗೆಯ ಮೇಲೆ ಇಟ್ಟು, ಕೊಡೆ ಬಿಚ್ಚಿಕೊಂಡು ಹೋದರು. ನಾನೂ ರಜಿಯಾಳೂ ಕೂತು ತೊಳೆದೆವು.

ಮರುದಿನ ಬಂದ ಮೆಕ್ಯಾನಿಕ್ ಹಿಂಭಾಗ ಬಿಚ್ಚಿ ನೋಡಿ "ಪಿಕ್ಚರ್ ಟ್ಯೂಬಿಗೆ ಕರೆಂಟ್ ಕೊಡೋ ಇ.ಎಚ್.ಟಿ. ಹೋಗಿದೆ, ಅದಕ್ಕೇ ಧ್ವನಿ ಇದೆ, ಪಿಕ್ಚರ್ ಇಲ್ಲ" ಎಂದು ಪೆಟ್ಟಿಗೆಯನ್ನು ಆಟೋದಲ್ಲಿ ಹಾಕಿಕೊಂಡು ಹೋದ. ಅದು ವಾಪಸ್ಸು ಬರುವಷ್ಟರಲ್ಲಿ ಮಳೆಗಾಲ ಮುಗಿದು, ರಸ್ತೆ ಒಣಗಿ, ಧೂಳು ಏಳುತ್ತಿತ್ತು. ಧಾರಾವಾಹಿಯನ್ನು ಇನ್ನೊಮ್ಮೆ ಹಾಕುತ್ತಾರೆ ಎಂದು ಬಹಳ ದಿನ ಸುದ್ದಿಯಿತ್ತು. ಹಾಕಲಿಲ್ಲ. ಆ ಟೇಪುಗಳೇ ಈಗ ಇಲ್ಲವಂತೆ, ನಿಜವೋ ಸುಳ್ಳೋ.

ನಲವತ್ತು ವರ್ಷದಲ್ಲಿ ಏನಾಗಿದೆ ಎಂದರೆ, ಆ ಬೀದಿಯವರೆಲ್ಲ ಕೊನೆಯ ದೃಶ್ಯವನ್ನು ಕಣ್ಣಾರೆ ಕಂಡಿದ್ದಾರೆ! ನಮ್ಮ ಯಜಮಾನರು ಮಂಡಿನೋವಿನಿಂದ ಪಾರ್ಕಿಗೆ ಬರುವುದಿಲ್ಲ, ಆದರೆ ಮನೆಯಲ್ಲೇ ಕೂತು ವಾದಿಸುತ್ತಾರೆ. ಟಿ.ವಿ. ಕೆಟ್ಟದ್ದು ಅದರ ಮುಂದಿನ ವಾರ, ವಾರ್ತೆ ನೋಡುವಾಗ ಅಂತೆ. ಹೋದ ಭಾನುವಾರ ಪಾರ್ಕಿನಲ್ಲಿ ಮೊದಲು ಅನಂತಯ್ಯನ ಸ್ವೆಟರಿನ ಬಣ್ಣದ ಬಗ್ಗೆ ಚರ್ಚೆ ನಡೆಯಿತು. ಹಸಿರು ಎಂದು ಕೆಲವರು, ಕಾಫಿಪುಡಿ ಬಣ್ಣ ಎಂದು ಕೆಲವರು. ಕಪ್ಪು ಬಿಳುಪಿನ ಟಿ.ವಿ.ಯಲ್ಲಿ ಇವರಿಗೆ ಬಣ್ಣ ಯಾರು ತೋರಿಸಿದರೋ! ಆಮೇಲೆ ಎಂದಿನಂತೆ ಕೊನೆಯ ದೃಶ್ಯಕ್ಕೆ ಬಂದರು.

"ಲೋಟದ ಮೇಲಿಂದ ಒಂದು ಹನಿ ನೀರು ಇಳೀತಿತ್ತು, ಕ್ಲೋಸಪ್ಪಲ್ಲಿ. ಏನ್ ಶಾಟ್ ಅದು!" ಎಂದ ನಾಗರಾಜ. ಅವನೀಗ ಬ್ಯಾಂಕಿನಿಂದ ನಿವೃತ್ತನಾಗಿ ಈ ಗುಂಪಿನ ಮುಖಂಡ.

ನನಗೆ ರೇಗಿತು. "ಅವತ್ತು ಪಿಕ್ಚರ್ರೇ ಇರ್ಲಿಲ್ವಲ್ಲೋ ನಾಗರಾಜ! ಲೋಟ ತೊಳೆದ ಅಂತ ಹೇಳಿದ್ದು ನಾನು. ನಂಗೆ ತೋಚಿದ್ದು ಹೇಳ್ದೆ. ನೀನು ಮಹಡಿ ಹತ್ತಿ ಆಂಟೆನಾ ಅಲ್ಲಾಡಿಸಿ ಬಂದು, ಏನ್ ಮಾಡ್ದ ಅಂತ ನನ್ನೇ ಕೇಳ್ದೆ."

"ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ನೀವು ಅಡಿಗೆಮನೇಲಿದ್ರಿ. ನಿಮಗೆ ಹೆಂಗೆ ಗೊತ್ತಿರುತ್ತೆ?"

ರಜಿಯಾ ಕಡೆ ತಿರುಗಿದೆ. ಅವಳೀಗ ಸಂಜಯನಗರದಲ್ಲಿ ಮಗಳ ಮನೆಯಲ್ಲಿದ್ದಾಳೆ, ಭಾನುವಾರ ತಪ್ಪದೆ ಬರುತ್ತಾಳೆ. "ನೀನಾದ್ರೂ ಹೇಳೇ. ಅವತ್ತು ಹಾಲಿನ ಮುಂದೆ ಇದ್ದೋಳು ನೀನು."

"ಇದ್ದೆ, ಇಲ್ಲ ಅಂತ ಯಾರಂದ್ರು? ಕೊನೇಲಿ ಬಾಗಿಲ ಹತ್ರ ಬಂದು ನೋಡ್ದೆ ವನಜಾ. ನಲ್ಲೀನೂ ನೆನಪಿದೆ, ಹಿತ್ತಾಳೆ ನಲ್ಲಿ."

ಆಗ ಬೆಂಚಿನ ತುದಿಯಲ್ಲಿ ಕೂತಿದ್ದ ಚಂದ್ರಪ್ಪನವರು ಗಂಟಲು ಸರಿಮಾಡಿಕೊಂಡರು. ಅವರು ಗುಂಪಿಗೆ ಅವತ್ತೇ ಹೊಸದಾಗಿ ಬಂದವರು. ಚಿಕ್ಕಜಾಲದ ಕಡೆಯವರು. ಅಲ್ಲಿಯ ಜಮೀನು ಮಾರಿ ಈಗ ಸಹಕಾರನಗರದಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿದ್ದಾರೆ.

"ಅಂಗಲ್ಲ ಕಣ್ರೀ" ಎಂದರು. "ನಾನು ನಮ್ಮೂರ ಪಂಚಾಯ್ತಿ ಟೀವೀಲಿ ನೋಡಿದ್ದು. ಲೋಟ ಗೀಟ ಏನೂ ಇರ್ಲಿಲ್ಲ. ಅವ್ನು ಒಸ್ಲತಾವ ನಿಂತ್ಕಂಡು, ಇಂಗೆ ತಿರುಗಿ, ಯಾವಾಗ್ಲೂ ಮಾಡ್ತಿದ್ನಲ್ಲ, ಆ..."

ಬೆಂಚಿಗೆ ಬೆಂಚೇ ಅವರ ಮೇಲೆ ಮುಗಿಬಿತ್ತು. "ಇಲ್ಲ ಸಾರ್!" "ಅದು ಬೇರೆ ವಾರ ಸಾರ್!" "ಲೋಟ ಇಲ್ದೆ ಹೆಂಗಾಗುತ್ತೆ?" ನಾನು ಎದ್ದು ನಿಂತು "ಬಿಡ್ರೋ, ಅವರನ್ನ ಹೇಳಕ್ಕೆ ಬಿಡ್ರೋ!" ಎಂದು ಕೂಗಿದೆ. ಯಾರು ಕೇಳುತ್ತಾರೆ? ನಾಗರಾಜ ನನ್ನ ಸ್ಟೀಲ್ ಲೋಟವನ್ನೇ ತೆಗೆದುಕೊಂಡು ಇಡೀ ದೃಶ್ಯ ನಟಿಸಿ ತೋರಿಸಿದ. ಹೊಸಿಲಿನಿಂದ ತಿರುಗಿದ, ತಲೆ ತಗ್ಗಿಸಿ ಒಳಗೆ ಬಂದ, ಇಲ್ಲದ ನಲ್ಲಿಯಲ್ಲಿ ಲೋಟ ತೊಳೆದ, ಬೆಂಚಿನ ಮೇಲೆ ಮೆಲ್ಲಗೆ ಬೋರಲು ಹಾಕಿದ. ಚೆನ್ನಾಗಿಯೇ ಮಾಡಿದ. ಚಂದ್ರಪ್ಪನವರು ಬಾಯಿ ತೆರೆದುಕೊಂಡು ನೋಡುತ್ತಿದ್ದರು.

ಬಿಸಿಲು ಏರಿತು. "ಹಾಗಾದ್ರೆ ನಾನು ಬರ್ಲಾ?" ಎಂದು ಒಬ್ಬೊಬ್ಬರೇ ಎದ್ದರು. ಕಾಫಿಯ ಲೋಟಗಳು ಬೆಂಚಿನ ಮೇಲೆ, ಹುಲ್ಲಿನ ಮೇಲೆ ಉಳಿದವು. ನಾನು ಚಂದ್ರಪ್ಪನವರು ಏಳದಂತೆ ಅವರ ಎದುರಿಗೇ ಹೋಗಿ ನಿಂತೆ.

"ನೀವೇನೋ ಹೇಳ್ತಿದ್ರಿ. ಹೊಸಿಲ ಹತ್ರ ನಿಂತ್ಕೊಂಡು, ಹೀಗೆ ತಿರುಗಿ... ಆಮೇಲೆ?"

ಅವರು ಕಣ್ಣು ಮುಚ್ಚಿದರು. ಬಲಗೈ ಒಂದಿಷ್ಟು ಮೇಲೆ ಬಂತು. ನಾನು ಇನ್ನೊಂದು ಹೆಜ್ಜೆ ಹತ್ತಿರ ಸರಿದೆ. ಕೈ ಹಾಗೇ ಕೆಳಗಿಳಿಯಿತು.

"ಬಾಯ್ತಂಕ ಬಂದಿತ್ತು ಕಣಮ್ಮಾ. ಈಗ ಕಣ್ ಮುಚ್ಚುದ್ರೆ ಬರೀ ಲೋಟ ಕಾಣ್ತೈತೆ."

"ಲೋಟ ಇರ್ಲಿಲ್ಲ ಅಂತ ನೀವೇ ಅಂದ್ರಲ್ಲ!"

"ಅಂದೆ. ನಂದೇ ತಪ್ಪಿರ್ಬೇಕು. ಇಷ್ಟ್ ಜನ ನೋಡವ್ರಲ್ಲ. ಬೋರ್ಲಾಕಿದ್ದು ಈಗ ನಂಗೂ ನೆಪ್ಪಾಯ್ತಾ ಐತೆ. ಒಳ್ಳೇ ಮನ್ಸ ಅವ್ನು."

ಎದ್ದರು. ತಮ್ಮ ಲೋಟ ಎತ್ತಿಕೊಂಡು ಪಾರ್ಕಿನ ನಲ್ಲಿಯ ಹತ್ತಿರ ಹೋಗಿ ತೊಳೆದರು. ತಂದು ಬೆಂಚಿನ ಮೇಲೆ ನನ್ನ ಚೀಲದ ಪಕ್ಕ ಬೋರಲು ಹಾಕಿ, ನನ್ನ ಮುಖ ನೋಡದೆ, ಚಪ್ಪಲಿ ಮೆಟ್ಟಿಕೊಂಡು ಗೇಟಿನ ಕಡೆ ನಡೆದರು. ಅಷ್ಟು ವರ್ಷದಲ್ಲಿ ಅನಂತಯ್ಯನ ಹೆಸರು ಹೇಳಿಕೊಂಡು ನಾನು ಕೊಟ್ಟ ಕಾಫಿ ಕುಡಿದವರಲ್ಲಿ ಲೋಟ ತೊಳೆದಿಟ್ಟವರು ಅವರೊಬ್ಬರೇ. ಸಂತೋಷಪಡಬೇಕಿತ್ತು. ಆ ಲೋಟವನ್ನೇ ಎತ್ತಿ ಅವರ ಬೆನ್ನಿಗೆ ಎಸೆಯುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ. ಗಟ್ಟಿ ಲೋಟ, ಅತ್ತೆಯ ಕಾಲದ್ದು.